ದ್ವಿತೀಯ ದರ್ಜೆ ಸಹಾಯಕರ ಮುಂಬಡ್ತಿ

ದ್ವಿತೀಯ ದರ್ಜೆ ಸಹಾಯಕ ಹುದ್ದೆಯು ಕರ್ನಾಟಕ ರಾಜ್ಯ ನಾಗರಿಕ ಸೇವೆಯ ಲಿಪಿಕ ವರ್ಗದ ಆರಂಭಿಕ ಹುದ್ದೆಯಾಗಿದೆ. ಜನಸಾಮಾನ್ಯರು ಇಂದಿಗೂ ಗುಮಾಸ್ತರೆಂದೇ ಕರೆಯುವ ಈ ನೌಕರರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕು ಕಚೇರಿಗಳಲ್ಲಿ ಕಡತ, ಟಪಾಲು ಮತ್ತು ಭೂದಾಖಲೆಗಳ ಕೆಲಸ ನಿರ್ವಹಿಸುತ್ತಾರೆ.

ಶ್ರೇಣಿ
ಈ ಹುದ್ದೆಗೆ ಪಿಯುಸಿ ವಿದ್ಯಾರ್ಹತೆ ಸಾಕು. ಕಂದಾಯ ಇಲಾಖೆಯಲ್ಲಿ ಮುಂದಿನ ಮೆಟ್ಟಿಲುಗಳು ಕ್ರಮವಾಗಿ ಪ್ರಥಮ ದರ್ಜೆ ಸಹಾಯಕ ಅಥವಾ ಕಂದಾಯ ನಿರೀಕ್ಷಕ, ಉಪ ತಹಶೀಲ್ದಾರ್ (ಶಿರಸ್ತೇದಾರ್) ಮತ್ತು ತಹಶೀಲ್ದಾರ್. ಮೊದಲ ಮೆಟ್ಟಿಲಿನಲ್ಲಿಯೇ ಪೈಪೋಟಿ ಹೆಚ್ಚು. ಗ್ರಾಮ ಲೆಕ್ಕಿಗರು (ಈಗಿನ ಗ್ರಾಮ ಆಡಳಿತ ಅಧಿಕಾರಿಗಳು) ಅದೇ ಹುದ್ದೆಗಳಿಗೆ ಅರ್ಹರು. ಪ್ರಥಮ ದರ್ಜೆಯ ಒಂದು ಭಾಗವು ಪದವೀಧರರ ನೇರ ನೇಮಕಾತಿಗೆ ಮೀಸಲು. 2018ರ ವೇತನ ಪರಿಷ್ಕರಣೆಯಲ್ಲಿ ದ್ವಿತೀಯ ದರ್ಜೆಯ ವೇತನ ಶ್ರೇಣಿ 21,400–42,000 ರೂ., ಪ್ರಥಮ ದರ್ಜೆಯದು 27,650–52,650 ರೂ. ಆಗಿತ್ತು.

ಜ್ಯೇಷ್ಠತೆ ಮತ್ತು ಪರೀಕ್ಷೆ
ಜ್ಯೇಷ್ಠತಾ ಪಟ್ಟಿಯು ತಾಲೂಕಿನದಲ್ಲ, ಜಿಲ್ಲೆಯದು. ಅದನ್ನು ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿ ಸಿದ್ಧಪಡಿಸುತ್ತದೆ. ಆದುದರಿಂದ ಮಂಗಳೂರು ತಾಲೂಕಿನಿಂದ ಬೇರ್ಪಟ್ಟು ಮೂಡುಬಿದಿರೆ ಸ್ವತಂತ್ರ ತಾಲೂಕಾದಾಗ ಅಲ್ಲಿನ ನೌಕರರಿಗೆ ಪ್ರತ್ಯೇಕ ಪಟ್ಟಿ ದೊರೆಯಲಿಲ್ಲ. ಬೆಳ್ತಂಗಡಿಯ ನೌಕರರಿಗೆ ಸುಳ್ಯದಲ್ಲಿ ಹುದ್ದೆ ಸಿಗಬಹುದು. ಮನೆ, ತೋಟ, ವೃದ್ಧ ತಂದೆತಾಯಿಯರನ್ನು ನೆನೆದು ಮುಂಬಡ್ತಿ ಬೇಡವೆನ್ನುವವರೂ ಇದ್ದಾರೆ.

ಜ್ಯೇಷ್ಠತೆಯೊಂದೇ ಸಾಲದು. ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ನಿಗದಿತ ವಿಷಯಗಳನ್ನು ತೇರ್ಗಡೆಯಾಗಬೇಕು. ಲೆಕ್ಕಪತ್ರ ವಿಷಯವು ಕಲಾ ವಿಭಾಗದಲ್ಲಿ ಓದಿದವರಿಗೆ ಸಾಮಾನ್ಯವಾಗಿ ಕಠಿಣವೆನಿಸುತ್ತದೆ. ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3 ಮುಂಬಡ್ತಿ ಮೀಸಲಾತಿಯು 1978ರಲ್ಲಿ ಜಾರಿಗೆ ಬಂದಿತು. ಅದರಿಂದ ಒದಗುವ ತತ್ಪರಿಣಾಮ ಜ್ಯೇಷ್ಠತೆಯ 2002ರ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯವು 2017ರ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ರಾಜ್ಯದಾದ್ಯಂತ ಪಟ್ಟಿಗಳ ಮರುರಚನೆ ಆರಂಭವಾಯಿತು. ಹಿಂಬಡ್ತಿಯ ಭೀತಿ ಅನೇಕರನ್ನು ಕಾಡಿತು. ತರುವಾಯ ರೂಪಿಸಿದ 2018ರ ಕಾಯಿದೆಯನ್ನು 2019ರ ಮೇ 10ರಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ಹುದ್ದೆಯಿಲ್ಲದ ಬಡ್ತಿ
ಖಾಲಿ ಹುದ್ದೆಗಾಗಿ ಕಾದವರಿಗೆ 1983ರ ನಿಯಮಗಳು ಹತ್ತು ವರ್ಷಗಳ ಸೇವೆಯ ಬಳಿಕ ಕಾಲಮಿತಿ ವೇತನ ಬಡ್ತಿಯನ್ನೂ, 1991ರ ನಿಯಮಗಳು ಹದಿನೈದು ವರ್ಷಗಳ ಬಳಿಕ ಸ್ವಯಂಚಾಲಿತ ವಿಶೇಷ ಬಡ್ತಿಯನ್ನೂ ಒದಗಿಸಿವೆ. ಇದರಿಂದ ಸಂಬಳ ಏರುತ್ತದೆ, ಪದನಾಮ ಬದಲಾಗದು. ಕುಳಿತ ಮೇಜೂ ಅದೇ. ಇನ್ನು ಮೇಲಿನ ಹುದ್ದೆ ತೆರವಾದಾಗ ಕರ್ನಾಟಕ ನಾಗರಿಕ ಸೇವಾ ನಿಯಮಗಳ 32ನೆಯ ನಿಯಮದಂತೆ ಪ್ರಭಾರ ವಹಿಸುವುದುಂಟು. ಪ್ರಭಾರ ಭತ್ಯೆ ಲಭಿಸಿದರೂ ಆ ಅವಧಿಯಿಂದ ಮೇಲಿನ ವೃಂದದಲ್ಲಿ ಜ್ಯೇಷ್ಠತೆಯ ಹಕ್ಕು ಹುಟ್ಟುವುದಿಲ್ಲ.