ಸಾವನೇರ್‌ನ ಕವಲು: ದೇವರು ದಾರಿ ತೋರಿಸ್ತಾನೆ ಅಂತ ನಂಬಿ ಹೊರಟವರು

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಆಫೀಸ್ ಕ್ಯಾಬ್‌ನಲ್ಲಿ ಕೂತು ಓದಿಕೊಳ್ಳಬಹುದು.

ನಾಗಪುರದಿಂದ ವಾಯವ್ಯಕ್ಕೆ ಸುಮಾರು 35 ಕಿಲೋಮೀಟರ್ ಹೋದರೆ ಸಾವನೇರ್ ಸಿಗುತ್ತೆ. ಊರಿನ ಪಕ್ಕ ಹರಿಯೋ ಹೊಳೆಗೆ ಕೋಲಾರ್ ಅಂತ ಹೆಸರು. ನಮ್ಮ ಕೋಲಾರಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೂ ಬೋರ್ಡ್ ನೋಡಿದ ಕನ್ನಡದವರು ಒಂದು ಕ್ಷಣ ಬೆಚ್ಚಿ ಬೀಳ್ತಾರೆ! ಸುತ್ತ ಕಿತ್ತಳೆ ತೋಟ, ನೆಲದಡಿ ಕಲ್ಲಿದ್ದಲು. ಇಲ್ಲಿ ರಸ್ತೆ ಕವಲೊಡೆಯುತ್ತೆ. ಒಂದು ಬೇತುಲ್ ಮೇಲೆ ಭೋಪಾಲಕ್ಕೆ, ಇನ್ನೊಂದು ಛಿಂದ್ವಾಡಕ್ಕೆ, ಗೊಂಡರ ನಾಡಿಗೆ.

ಕವಲಿನಲ್ಲಿ ನಿಂತ ಮನುಷ್ಯ ಕೇಳೋ ಪ್ರಶ್ನೆ ಒಂದೇ: ಯಾವ ಕಡೆ? ಕ್ರೈಸ್ತ ಮನೆಗಳಲ್ಲಿ ಇದನ್ನೇ "ದೇವರ ಚಿತ್ತ ಏನು?" ಅಂತ ಕೇಳ್ತಾರೆ. ಆಫರ್ ಲೆಟರ್ ಕೈಯಲ್ಲಿದೆ, ಒಪ್ಪಿಕೊಳ್ಳಬೇಕಾ? ಎಚ್-1ಬಿ ಲಾಟರಿಯಲ್ಲಿ ಹೆಸರು ಬರಲಿಲ್ಲ, ಅದು ದೇವರು ಮುಚ್ಚಿದ ಬಾಗಿಲಾ? ಊರಲ್ಲಿ ಅಪ್ಪ-ಅಮ್ಮ ಇಬ್ಬರೇ ಇದ್ದಾರೆ, ಪುಣೆಯಲ್ಲೇ ಫ್ಲಾಟ್ ತಗೊಳ್ಳೋದು ಸರಿಯಾ? ಪ್ರಾರ್ಥನೆ ಮಾಡ್ತೀವಿ, ಬೈಬಲ್ ತೆರೆದು ಕಣ್ಣಿಗೆ ಬಿದ್ದ ವಚನದಲ್ಲಿ ಉತ್ತರ ಹುಡುಕ್ತೀವಿ. ದೇವಸ್ಥಾನದಲ್ಲಿ ಹೂವಿನ ಪ್ರಸಾದ ಬಲಕ್ಕೆ ಬಿತ್ತಾ ಎಡಕ್ಕೆ ಬಿತ್ತಾ ಅಂತ ಕಾಯೋ ನಮ್ಮ ಅಕ್ಕಪಕ್ಕದವರಿಗೂ ಈ ಚಡಪಡಿಕೆ ಹೊಸದಲ್ಲ. ಇತಿಹಾಸದಲ್ಲಿ ಈ ಪ್ರಶ್ನೆಗೆ ಜೀವನವನ್ನೇ ಪಣಕ್ಕಿಟ್ಟವರು ಏನು ಮಾಡಿದರು, ಏನಾಯ್ತು, ಅದನ್ನ ಇವತ್ತು ನೋಡೋಣ.

ಮೊದಲು ಚೀಟಿ ಎತ್ತಿದವರ ಕಥೆ. ಜರ್ಮನಿಯ ಹೆರ್ನ್‌ಹುಟ್ ಅನ್ನೋ ಸಣ್ಣ ಊರಿನಲ್ಲಿ ಮೊರೇವಿಯನ್ ಸಭೆಯವರು ಇದ್ದರು. 18ನೇ ಶತಮಾನದಲ್ಲಿ ಇವರು ದೊಡ್ಡ ತೀರ್ಮಾನಗಳಿಗೆ ಪ್ರಾರ್ಥಿಸಿ ಚೀಟಿ ಎತ್ತುತ್ತಿದ್ದರು. ಮಿಷನ್ನಿಗೆ ಯಾರನ್ನ ಕಳಿಸಬೇಕು, ಯಾರಿಗೆ ಯಾರ ಜೊತೆ ಮದುವೆ, ಇಂಥವಕ್ಕೂ ಚೀಟಿ! ನಗಬೇಡಿ. ಅವರ ತರ್ಕ ಹೀಗೆ: ನಮ್ಮ ಬುದ್ಧಿಯಲ್ಲಿ ಸ್ವಾರ್ಥ ನುಸುಳುತ್ತೆ, ಚೀಟಿಯಲ್ಲಿ ನುಸುಳಲ್ಲ. ಆದರೆ ಅನುಭವ ಬೇರೆ ಪಾಠ ಕಲಿಸ್ತು. 1818ರಲ್ಲಿ ಸಾಮಾನ್ಯ ಸದಸ್ಯರ ಮದುವೆಗೆ ಚೀಟಿ ಕಡ್ಡಾಯ ಅನ್ನೋದು ಹೋಯ್ತು, 1889ರ ಹೊತ್ತಿಗೆ ಪದ್ಧತಿಯನ್ನೇ ಬಿಟ್ಟರು. ಆದರೆ ಚೀಟಿ ಎತ್ತಿ ಪ್ರತಿ ದಿನಕ್ಕೂ ಒಂದು ವಚನ ಆರಿಸಿ, ವರ್ಷಕ್ಕೊಂದು ಪುಸ್ತಕ ಮಾಡೋ ರೂಢಿ ಉಳೀತು. 1731ರಲ್ಲಿ ಶುರುವಾದ ಆ ಪುಸ್ತಕ ಇವತ್ತಿಗೂ ಬರ್ತಿದೆ. ಗಮನಿಸಿ: ಚೀಟಿ ತೀರ್ಮಾನದ ಜಾಗ ಬಿಟ್ಟು ಧ್ಯಾನದ ಜಾಗಕ್ಕೆ ಸರಿಯಿತು. ಹೊಸ ವರ್ಷದ ರಾತ್ರಿ ಚರ್ಚಿನಲ್ಲಿ ವಾಗ್ದಾನದ ಚೀಟಿ ಎತ್ತೋರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಈಗ ಗೊಂಡರ ನಾಡಿಗೆ ಬರೋಣ. ಬರ್ಲಿನ್ನಿನಲ್ಲಿ ಯೋಹಾನೆಸ್ ಗೋಸ್ನರ್ ಅನ್ನೋ ಪಾದ್ರಿ 1836ರಲ್ಲಿ ಒಂದು ಮಿಷನ್ ಕಟ್ಟಿದರು. ಬಡಗಿಗಳು, ಕಮ್ಮಾರರು, ರೈತರು, ಇಂಥ ಸಾಮಾನ್ಯ ಜನರನ್ನ ಕಳಿಸೋದು ಅವರ ರೀತಿ. ದುಡಿದು ತಿನ್ನಿ, ಉಳಿದದ್ದು ದೇವರು ನೋಡ್ಕೋತಾನೆ ಅನ್ನೋ ಭರವಸೆ. 1840ರ ದಶಕದ ಆರಂಭದಲ್ಲಿ ಅವರ ಒಂದು ತಂಡ ಅಮರಕಂಟಕದ ಹತ್ತಿರ ಕರಂಜಿಯಾ ಅನ್ನೋ ಗೊಂಡರ ಹಳ್ಳಿಗೆ ಬಂತು. ಜಬಲ್ಪುರದ ಅಧಿಕಾರಿ ಡೊನಾಲ್ಡ್ ಮ್ಯಾಕ್ಲಿಯಾಡ್ ಬೆಂಬಲಕ್ಕಿದ್ದರು. ಮನೆ ಕಟ್ಟಿದರು, ಭಾಷೆ ಕಲಿಯೋಕೆ ಕೂತರು. 1842ರ ಮಳೆಗಾಲದಲ್ಲಿ ಕಾಲರಾ ಬಂತು. ಕೆಲವೇ ದಿನಗಳಲ್ಲಿ ನಾಲ್ಕು ಜನ ಹೋದರು.

ಇವರೂ ಪ್ರಾರ್ಥಿಸಿದ್ದರು. ಇವರಿಗೂ ಕರೆ ಇದೆ ಅನ್ನೋ ಖಾತ್ರಿ ಇತ್ತು. ಹಾಗಾದರೆ ದೇವರು ದಾರಿ ತಪ್ಪಿಸಿದನಾ? "ಅದು ದೇವರ ಚಿತ್ತವೇ ಆಗಿರಲಿಲ್ಲ" ಅಂತ ನೂರೆಂಬತ್ತು ವರ್ಷದ ನಂತರ ಕೂತು ಹೇಳೋದು ಸುಲಭ, ಆದರೆ ಅದು ಸತ್ತವರಿಗೆ ಮಾಡೋ ಅನ್ಯಾಯ. ಕಾಲರಾ ಕುಡಿಯೋ ನೀರಿನಿಂದ ಹರಡುತ್ತೆ ಅಂತ ಜಾನ್ ಸ್ನೋ ಲಂಡನ್ನಿನ ಬೀದಿಯೊಂದರ ಕೈಪಂಪು ತೋರಿಸಿ ವಾದಿಸಿದ್ದು 1854ರಲ್ಲಿ. ಕರಂಜಿಯಾದವರಿಗೆ ಅದು ಗೊತ್ತಿರೋಕೆ ಸಾಧ್ಯವೇ ಇರಲಿಲ್ಲ. ಒಂದು ಕೆಲಸ ಮುರಿದು ಬಿತ್ತು ಅನ್ನೋದರಿಂದ ಕರೆ ಸುಳ್ಳಾಗಲ್ಲ. ಅದೇ ಲೆಕ್ಕದಲ್ಲಿ, ಕೆಲಸ ಗೆದ್ದಿತು ಅನ್ನೋದರಿಂದ ಕರೆ ನಿಜ ಅಂತಲೂ ಆಗಲ್ಲ. ಪ್ರಮೋಷನ್ ಬಂತು, ಆದ್ದರಿಂದ ಇದು ದೇವರದ್ದೇ ದಾರಿ ಅಂತ ಸಾಕ್ಷಿ ಹೇಳೋ ಮುಂಚೆ ಕರಂಜಿಯಾ ನೆನಪಿರಲಿ.

ಅದೇ ಗೋಸ್ನರ್ ಕಳಿಸಿದ ಇನ್ನೊಂದು ತಂಡದಲ್ಲಿ ನಾಲ್ವರಿದ್ದರು. ಬೇರೆ ದಿಕ್ಕಿಗೆ ಹೋಗೋ ಯೋಚನೆಯಲ್ಲಿ ಕಲಕತ್ತೆಗೆ ಬಂದರು. ಅಂದುಕೊಂಡಿದ್ದು ಆಗಲಿಲ್ಲ. ಕಾಯ್ತಾ ಇದ್ದಾಗ ರಸ್ತೆ ಕೆಲಸ ಮಾಡ್ತಿದ್ದ ಕೂಲಿಗಳನ್ನ ನೋಡಿದರು. ಇವರು ಯಾರು, ಎಲ್ಲಿಯವರು ಅಂತ ವಿಚಾರಿಸಿದರು. ಛೋಟಾನಾಗಪುರದವರು ಅಂತ ಗೊತ್ತಾಯ್ತು. 1845ರ ನವೆಂಬರಿನಲ್ಲಿ ನಾಲ್ವರೂ ರಾಂಚಿಗೆ ಬಂದರು. ಮೊದಲ ದೀಕ್ಷಾಸ್ನಾನ ಆದದ್ದು 1850ರ ಜೂನ್‌ನಲ್ಲಿ, ನಾಲ್ಕು ಜನ ಉರಾಂವರಿಗೆ. ನಡುವೆ ನಾಲ್ಕೂವರೆ ವರ್ಷ ತೋರಿಸೋಕೆ ಏನೂ ಇರಲಿಲ್ಲ. ಇವರಿಗೆ ದಾರಿ ಸಿಕ್ಕಿದ್ದು ಆಕಾಶವಾಣಿಯಿಂದಲ್ಲ, ವಲಸೆ ಬಂದ ಕೂಲಿಯವರನ್ನ ಕಣ್ಣೆತ್ತಿ ನೋಡಿ, ಮಾತಾಡಿಸಿದ್ದರಿಂದ.

ನಮ್ಮ ಕನ್ನಡ ನಾಡಿನಲ್ಲೂ ಇಂಥದ್ದೇ ಒಂದು ಇದೆ. ಹೆರ್ಮನ್ ಮೋಗ್ಲಿಂಗ್ ಹೆಸರು ನಿಮಗೆ ಗೊತ್ತು, 1843ರಲ್ಲಿ ಮಂಗಳೂರು ಸಮಾಚಾರ ತಂದವರು. 1850ರ ದಶಕದ ಶುರುವಿನಲ್ಲಿ ಅವರ ಮಂಗಳೂರಿನ ಕೆಲಸ ಮುಗಿಯೋ ಹಂತಕ್ಕೆ ಬಂದಿತ್ತು. ಆಗ ಕೊಡಗಿನ ಆಲ್ಮಂಡದಿಂದ ಸೋಮಯ್ಯ ಅನ್ನೋರು ಹುಡುಕಿಕೊಂಡು ಬಂದರು, ದೀಕ್ಷಾಸ್ನಾನ ಪಡೆದು ಸ್ಟೆಫನಾಸ್ ಆದರು. ಮೋಗ್ಲಿಂಗ್ ಇದನ್ನೇ ಕರೆ ಅಂದುಕೊಂಡು 1853ರಲ್ಲಿ ಕೊಡಗಿಗೆ ನಡೆದೇ ಬಿಟ್ಟರು. ಬಾಸೆಲ್ಲಿನ ಕಮಿಟಿಗೆ ಇದು ಒಪ್ಪಿಗೆ ಇರಲಿಲ್ಲ. ಮಿಷನ್ನಿನ ಶಿಸ್ತಿನಲ್ಲಿ ಕಮಿಟಿಯ ಮಾತೇ ದೇವರ ನಡಿಸುವಿಕೆ ಅನ್ನೋ ಭಾವನೆ ಇದ್ದ ಕಾಲ ಅದು. ಕೆಲವು ಕಾಲ ಅವರು ಮಿಷನ್ನಿನ ಆಸರೆ ಇಲ್ಲದೆ ಕೆಲಸ ಮಾಡಿದರು, ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ನೆರವಾದರು. ಅಲ್ಲಿಂದಲೇ ಮುಂದೆ ಆನಂದಪುರ ಅನ್ನೋ ಊರು ಹುಟ್ಟಿತು, ಕಾಫಿ ತೋಟಗಳ ನಡುವೆ ಹೊಲೆಯ ಕುಟುಂಬಗಳಿಗೆ ನೆಲೆಯಾಗಿ. ದೇವರು ಮಾತಾಡೋದು ಕಮಿಟಿಯ ಮೂಲಕವಾ, ಬಾಗಿಲು ತಟ್ಟಿದ ಅಪರಿಚಿತನ ಮೂಲಕವಾ? ಮೋಗ್ಲಿಂಗ್ ಆಯ್ಕೆ ಮಾಡಿದರು, ಬೆಲೆಯನ್ನೂ ತೆತ್ತರು.

ಈಗ ಮತ್ತೆ ಸಾವನೇರ್ ಕಡೆಗೆ. ನಾಗಪುರದಲ್ಲಿ ಹಿಸ್ಲಪ್ ಕಾಲೇಜು ನೋಡಿರ್ತೀರಿ. ಸ್ಟೀಫನ್ ಹಿಸ್ಲಪ್ 1817ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಕಾಮ್ಠಿ ದಂಡಿನಲ್ಲಿದ್ದ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಿಲ್ ಇಲ್ಲೊಂದು ಮಿಷನ್ ಆಗಲಿ ಅಂತ ದೊಡ್ಡ ಮೊತ್ತ ತೆಗೆದಿಟ್ಟಿದ್ದರು. 1843ರಲ್ಲಿ ಸ್ಕಾಟ್ಲೆಂಡಿನ ಸಭೆ ಒಡೆದು ಹುಟ್ಟಿದ ಫ್ರೀ ಚರ್ಚ್, ತನಗೇ ಚರ್ಚು ಕಟ್ಟಡ ಇಲ್ಲದ ಹೊತ್ತಿನಲ್ಲಿ ಇದನ್ನ ಒಪ್ಪಿಕೊಂಡಿತು. ಹಿಸ್ಲಪ್ 1845ರ ಫೆಬ್ರುವರಿಯಲ್ಲಿ ನಾಗಪುರಕ್ಕೆ ಬಂದರು. ಕರಂಜಿಯಾದಲ್ಲಿ ಬದುಕುಳಿದವರು ಇವರ ಜೊತೆ ಸೇರಿಕೊಂಡರು. ಮುರಿದ ಕೆಲಸದ ತುಂಡು ಇಲ್ಲಿ ಕೂಡಿಕೊಂಡಿತು ಅನ್ನಿ.

ಹಿಸ್ಲಪ್ ಬದುಕಿನಲ್ಲಿ ಚಮತ್ಕಾರ ಹುಡುಕಬೇಡಿ. ಶಾಲೆ ನಡೆಸಿದರು, ಮರಾಠಿ ಕಲಿತರು, ಚಳಿಗಾಲದಲ್ಲಿ ಹಳ್ಳಿ ಸುತ್ತಿದರು. ಸುತ್ತುವಾಗ ಕಾಲಿಗೆ ಸಿಕ್ಕ ಕಲ್ಲನ್ನ ಬಿಡಲಿಲ್ಲ. ಇವತ್ತಿನ ಸಾವನೇರ್ ತಾಲೂಕಿನ ಸಿಲೇವಾಡಾದ ಕಲ್ಲುಗಣಿಗಳಲ್ಲಿ ಮರಳುಗಲ್ಲಿನೊಳಗೆ ಎಲೆಯ ಅಚ್ಚುಗಳಿದ್ದವು. ಹಿಸ್ಲಪ್ ಮತ್ತು ಜೊತೆಗಾರ ರಾಬರ್ಟ್ ಹಂಟರ್ ಅಂಥ ಪಳೆಯುಳಿಕೆಗಳನ್ನ ಸಂಗ್ರಹಿಸಿ, ನಾಗಪುರ ಸುತ್ತಲಿನ ಭೂವಿಜ್ಞಾನದ ಬಗ್ಗೆ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 1855ರಲ್ಲಿ ಬರೆದರು. ಗೊಂಡಿ ಮಾತುಗಳನ್ನೂ ಹಾಡುಗಳನ್ನೂ ಕೂಡಿಟ್ಟರು. ಗೊಂಡಿಯಲ್ಲಿ ಎರಡಕ್ಕೆ ರಂಡ್, ಮೂರಕ್ಕೆ ಮೂಂಡ್, ನಾಲ್ಕಕ್ಕೆ ನಾಲುಂಗ್. ನಮ್ಮ ಕನ್ನಡದ ದಾಯಾದಿ ಅಲ್ವಾ!

1863ರ ಸೆಪ್ಟೆಂಬರ್ 4. ನಾಗಪುರದ ದಕ್ಷಿಣಕ್ಕೆ ಟಾಕಳಘಾಟ್‌ನ ಹಳೆಯ ಕಲ್ಲುವೃತ್ತಗಳನ್ನ ನೋಡೋಕೆ ಹೋಗಿದ್ದರು. ವಾಪಸ್ ಬರುವಾಗ ಬೋರಿ ಹತ್ತಿರ ಉಕ್ಕಿದ ಹಳ್ಳದಲ್ಲಿ ಕೊಚ್ಚಿ ಹೋದರು. 46 ತುಂಬೋಕೆ ನಾಲ್ಕು ದಿನ ಬಾಕಿ ಇತ್ತು. ಹೆಂಡತಿ ಎರಾಸ್ಮಾ, ಮಕ್ಕಳು ಉಳಿದರು. ಮಿಹಾನ್‌ನಲ್ಲಿ ಕೆಲಸ ಮಾಡೋರು ಬುಟೀಬೋರಿ ಕಡೆ ಹೋಗ್ತಾ ಇರ್ತೀರಲ್ಲ, ಅದೇ ಸೀಮೆ. ಅವರು ಬಿಟ್ಟು ಹೋದ ಗೊಂಡರ ಕುರಿತ ಕಾಗದಗಳನ್ನ ಚೀಫ್ ಕಮಿಷನರ್ ರಿಚರ್ಡ್ ಟೆಂಪಲ್ 1866ರಲ್ಲಿ ಅಚ್ಚು ಹಾಕಿಸಿದರು. ಅದೇ ದಶಕದಲ್ಲಿ ಫ್ರೀ ಚರ್ಚ್‌ನವರು ಛಿಂದ್ವಾಡದಲ್ಲಿ ಗೊಂಡರ ನಡುವೆ ಕೆಲಸ ಆರಂಭಿಸಿದರು.

ಈ ಕಥೆಗಳನ್ನ ಒಟ್ಟಿಗೆ ಇಟ್ಟಾಗ ನನಗೆ ಕಾಣೋದು ಇಷ್ಟು. ದೇವರ ನಡಿಸುವಿಕೆ ಇವರಿಗೆ ಪೂರ್ತಿ ನಕ್ಷೆಯಾಗಿ ಯಾವತ್ತೂ ಸಿಗಲಿಲ್ಲ. ಮುಂದಿನ ಒಂದು ಹೆಜ್ಜೆಗೆ ಸಾಕಾಗೋಷ್ಟು ಸಿಕ್ಕಿತು, ಅದೂ ಹೆಚ್ಚಾಗಿ ಇನ್ನೊಬ್ಬ ಮನುಷ್ಯನ ಅಗತ್ಯದ ರೂಪದಲ್ಲಿ. ಪೌಲನೂ ಒಂದು ಸೀಮೆಗೆ ಹೋಗಲು ಯತ್ನಿಸಿ, ತಡೆಯಾಗಿ, ಮಕೆದೋನ್ಯದವನೊಬ್ಬ ಕರೆಯೋದನ್ನ ಕನಸಲ್ಲಿ ಕಂಡೇ ದಿಕ್ಕು ಬದಲಿಸಿದ್ದು. ಆದ್ದರಿಂದ ಆಫರ್ ಲೆಟರ್ ಮುಂದಿಟ್ಟುಕೊಂಡು ಪ್ರಾರ್ಥಿಸುವಾಗ "ನನಗೆ ಯಾವುದು ಒಳ್ಳೇದು" ಅನ್ನೋದರ ಜೊತೆಗೆ "ಅಲ್ಲಿ ಯಾರಿಗೆ ನಾನು ಬೇಕು, ಇಲ್ಲಿ ಯಾರನ್ನ ಬಿಟ್ಟು ಹೋಗ್ತಿದ್ದೀನಿ" ಅಂತಲೂ ಕೇಳಬೇಕಾಗುತ್ತೆ. ಹೆಂಡತಿಗೆ, ಗಂಡನಿಗೆ, ಊರಲ್ಲಿರೋ ಅಮ್ಮನಿಗೆ ಹೇಳೋ ಮುಂಚೆಯೇ "ದೇವರು ಹೇಳಿದ" ಅಂದುಬಿಟ್ಟರೆ ಅವರ ಬಾಯಿ ಕಟ್ಟಿದ ಹಾಗೆ. ಕರೆಯ ಬೆಲೆಯಲ್ಲಿ ಅವರ ಪಾಲೂ ಇರುತ್ತೆ ಅನ್ನೋದಕ್ಕೆ ಎರಾಸ್ಮಾ ಸಾಕ್ಷಿ.

ನಂಬಿಕೆ ಅನ್ನೋದು ಫಲಿತಾಂಶದ ಗ್ಯಾರಂಟಿ ಅಲ್ಲ. ಗ್ಯಾರಂಟಿ ಇದ್ದರೆ ನಂಬೋ ಅಗತ್ಯವೇ ಬರ್ತಿರಲಿಲ್ಲ. ಉತ್ತರ ಬರೋವರೆಗೆ ಮಾಡೋಕೆ ಕೆಲಸ ಇದ್ದೇ ಇರುತ್ತೆ: ಪಾಠ ಹೇಳೋದು, ಭಾಷೆ ಕಲಿಯೋದು, ಕಾಲಡಿಯ ಕಲ್ಲನ್ನ ಎತ್ತಿ ನೋಡೋದು. ನಾಗಪುರದಲ್ಲಿರೋರು ಒಂದು ಭಾನುವಾರ ಆರಾಧನೆ ಮುಗಿಸಿ ಸಾವನೇರ್ ಕಡೆ ಹೋಗಿ ಬನ್ನಿ. ನಿಮ್ಮ ಊರಿನ ಸಭೆಯಲ್ಲಿ ದೊಡ್ಡ ತೀರ್ಮಾನಗಳನ್ನ ಹೇಗೆ ಮಾಡ್ತಿದ್ದರು, ಅಜ್ಜ-ಅಜ್ಜಿ ಏನು ಹೇಳ್ತಿದ್ದರು, ಕೆಳಗೆ ಬರೆಯಿರಿ. ಮುಂದಿನ ವಾರ ಸಿಗೋಣ.