ಅರಳಗುಪ್ಪೆಯ ದೇವಾಲಯಗಳು

ಅರಳಗುಪ್ಪೆ ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಒಂದು ಗ್ರಾಮ. ಇಲ್ಲಿನ ಕಲ್ಲೇಶ್ವರ ದೇವಾಲಯವು 9ನೆಯ ಶತಮಾನದ ಗಂಗ-ನೊಳಂಬರ ಕಾಲದ್ದು. ಚೆನ್ನಕೇಶವ ದೇವಾಲಯವು 13ನೆಯ ಶತಮಾನದ ಹೊಯ್ಸಳ ರಚನೆ. ಸುಮಾರು ನಾಲ್ಕು ಶತಮಾನಗಳ ಅಂತರವಿರುವ ಈ ಎರಡು ಕಟ್ಟಡಗಳು ಒಂದೇ ಊರಿನಲ್ಲಿರುವುದರಿಂದ, ಕರ್ನಾಟಕದ ದೇವಾಲಯ ನಿರ್ಮಾಣದಲ್ಲಾದ ಬದಲಾವಣೆಯನ್ನು ಕಾಲ್ನಡಿಗೆಯಲ್ಲಿಯೇ ಗುರುತಿಸಬಹುದಾಗಿದೆ.

ಬೆಂಗಳೂರು–ಅರಸೀಕೆರೆ ರೈಲುಮಾರ್ಗದಲ್ಲಿ ಅರಳಗುಪ್ಪೆ ಹೆಸರಿನ ನಿಲ್ದಾಣವಿದೆ, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಸುತ್ತಲಿನ ಪ್ರದೇಶ ತೆಂಗಿನ ಸೀಮೆ. ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು ಉಂಡೆ ಕೊಬ್ಬರಿ ಮಾಡುವುದು ಈ ಭಾಗದ ರೂಢಿ; ತಿಪಟೂರು ಅದರ ಪ್ರಮುಖ ಮಾರುಕಟ್ಟೆ.

ಕಲ್ಲೇಶ್ವರ ದೇವಾಲಯ

ಎರಡೂ ದೇವಾಲಯಗಳನ್ನು ನೋಡುವವರು ಕಲ್ಲೇಶ್ವರದಿಂದ ಆರಂಭಿಸುವುದು ಉಚಿತ. ಹೊಯ್ಸಳ ಶಿಲ್ಪದ ದಟ್ಟಣೆಯನ್ನು ಮೊದಲು ಕಂಡು ಬಂದವರಿಗೆ ಇದು ಸಾಧಾರಣ ಗುಡಿಯೆಂದೇ ತೋರುತ್ತದೆ. ಹೊರಗೋಡೆಗಳಲ್ಲಿ ಹೆಚ್ಚಿನ ಅಲಂಕಾರವಿಲ್ಲ. ಇದರ ಸಂಪತ್ತು ನವರಂಗದ ಚಾವಣಿಯಲ್ಲಿದೆ; ತಲೆಯೆತ್ತಿ ನೋಡದೆ ಹೊರಬಂದರೆ ಈ ದೇವಾಲಯವನ್ನು ನೋಡಿದಂತಾಗುವುದಿಲ್ಲ.

ಚಾವಣಿಯನ್ನು ಒಂಬತ್ತು ಅಂಕಣಗಳಾಗಿ ವಿಭಾಗಿಸಲಾಗಿದೆ. ನಡುವಿನ ಅಂಕಣದಲ್ಲಿ ನಾಟ್ಯವಾಡುತ್ತಿರುವ ಶಿವನೂ ಅವನ ಜೊತೆಯಲ್ಲಿ ವಾದ್ಯಗಾರರೂ ಇದ್ದಾರೆ. ಸುತ್ತಲಿನ ಎಂಟು ಅಂಕಣಗಳು ಅಷ್ಟದಿಕ್ಪಾಲಕರವು. ಪೂರ್ವಕ್ಕೆ ಇಂದ್ರ, ಆಗ್ನೇಯಕ್ಕೆ ಅಗ್ನಿ, ದಕ್ಷಿಣಕ್ಕೆ ಯಮ, ನೈಋತ್ಯಕ್ಕೆ ನಿರ್‍ಋತಿ, ಪಶ್ಚಿಮಕ್ಕೆ ವರುಣ, ವಾಯವ್ಯಕ್ಕೆ ವಾಯು, ಉತ್ತರಕ್ಕೆ ಕುಬೇರ, ಈಶಾನ್ಯಕ್ಕೆ ಈಶಾನ ಎಂಬುದು ಸಾಂಪ್ರದಾಯಿಕ ಕ್ರಮ. ಆದುದರಿಂದ ನೋಡುಗನು ಮೊದಲು ದಿಕ್ಕನ್ನು ತಿಳಿದುಕೊಂಡರೆ ಗುರುತಿಸುವಿಕೆ ಸುಲಭವಾಗುತ್ತದೆ; ಆನೆ, ಟಗರು, ಕೋಣ, ಮಕರ ಮೊದಲಾದ ವಾಹನಗಳು ಉಳಿದ ಸಂದೇಹವನ್ನು ಪರಿಹರಿಸುತ್ತವೆ. ಒಳಗೆ ಬೆಳಕು ಕಡಿಮೆ. ಕೈದೀಪವನ್ನು ನೇರವಾಗಿ ಮೇಲಕ್ಕೆ ಹಿಡಿಯುವುದಕ್ಕಿಂತ ಓರೆಯಾಗಿ ಹಿಡಿದರೆ ಉಬ್ಬುಶಿಲ್ಪದ ಆಳ ಸ್ಪಷ್ಟವಾಗಿ ಕಾಣುತ್ತದೆ.

ಹೆಂಜೇರು, ಅಂದರೆ ಈಗ ಆಂಧ್ರಪ್ರದೇಶದಲ್ಲಿರುವ ಹೇಮಾವತಿ, ನೊಳಂಬರ ರಾಜಧಾನಿಯಾಗಿತ್ತು. ಕರ್ನಾಟಕದಲ್ಲಿ ನೊಳಂಬ ಶೈಲಿಯನ್ನು ಅಧ್ಯಯನ ಮಾಡುವವರಿಗೆ ಅರಳಗುಪ್ಪೆಯ ಚಾವಣಿ ಅನಿವಾರ್ಯ ಉದಾಹರಣೆ. ದೇವಾಲಯದ ಆವರಣದಲ್ಲಿರುವ ಉಮಾಮಹೇಶ್ವರ ವಿಗ್ರಹವು ಹೊಯ್ಸಳ ಶೈಲಿಯದು, ಎಂದರೆ ನಂತರದ ಸೇರ್ಪಡೆ.

ಚೆನ್ನಕೇಶವ ದೇವಾಲಯ

ಇಲ್ಲಿ ಕ್ರಮ ತಲೆಕೆಳಗಾಗುತ್ತದೆ: ಶಿಲ್ಪಿಯ ಕೌಶಲ ಹೊರಗೋಡೆಗೆ ಬಂದಿದೆ. ಬಳಪದ ಕಲ್ಲಿನಲ್ಲಿ ಕಟ್ಟಿದ ಈ ಏಕಕೂಟ ದೇವಾಲಯದ ಗರ್ಭಗೃಹವು ಹೊರಗಿನಿಂದ ನಕ್ಷತ್ರಾಕಾರವಾಗಿದ್ದು, ಅದರ ಮೇಲೆ ಶಿಖರವಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆಭರಣ, ಬಳ್ಳಿ, ಬೆರಳುಗಳನ್ನು ಇಷ್ಟು ಸೂಕ್ಷ್ಮವಾಗಿ ಕಡೆಯಲು ಈ ಗುಣವೇ ನೆರವಾಯಿತು.

ಕಟ್ಟಡವನ್ನು ಪ್ರದಕ್ಷಿಣವಾಗಿ ಸುತ್ತುವುದು ಆಚಾರ ಮಾತ್ರವಲ್ಲ, ಓದುವ ಕ್ರಮವೂ ಹೌದು. ಅಧಿಷ್ಠಾನದ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳಿವೆ. ಅವುಗಳ ಮೇಲಿನ ಭಿತ್ತಿಯಲ್ಲಿ ವಿಷ್ಣುವಿನ ವಿವಿಧ ರೂಪಗಳಿವೆ. ಶಂಖ, ಚಕ್ರ, ಗದೆ, ಪದ್ಮಗಳು ನಾಲ್ಕು ಕೈಗಳಲ್ಲಿ ಇರುವ ಅನುಕ್ರಮ ಬದಲಾದಂತೆ ಮೂರ್ತಿಯ ಹೆಸರೂ ಬದಲಾಗುತ್ತದೆ; ಒಟ್ಟು ಇಪ್ಪತ್ತನಾಲ್ಕು ರೂಪಗಳಿಗೆ ಕೇಶವನಿಂದ ಕೃಷ್ಣನವರೆಗೆ ಹೆಸರುಗಳಿವೆ. ಬಹುತೇಕ ಪ್ರವಾಸಿಗರು ಇವೆಲ್ಲವನ್ನೂ ಒಂದೇ ವಿಷ್ಣುವೆಂದು ತಿಳಿದು ಮುಂದೆ ಸಾಗುತ್ತಾರೆ.

ಇಲ್ಲಿ ಕೆಲಸ ಮಾಡಿದ ಶಿಲ್ಪಿ ಹೊನ್ನೋಜನ ಹೆಸರು ಉಳಿದುಬಂದಿದೆ. ತಮ್ಮ ಕೃತಿಗಳ ಮೇಲೆ ಹೆಸರು ಕೆತ್ತುವ ವಾಡಿಕೆ ಹೊಯ್ಸಳ ಶಿಲ್ಪಿಗಳಲ್ಲಿ ಪ್ರಚಲಿತವಾಗಿತ್ತು. ಕಲ್ಲೇಶ್ವರದ ಚಾವಣಿಯನ್ನು ನೋಡಿ ಬಂದವರಿಗೆ ಈ ಹೆಸರು ವಿಶೇಷವಾಗಿ ಗಮನ ಸೆಳೆಯುತ್ತದೆ.

ಭೇಟಿ

ಪೂಜೆಯ ಹೊತ್ತು ಕಳೆದ ಮೇಲೆ ಗರ್ಭಗುಡಿಯ ಬಾಗಿಲು ಮುಚ್ಚಿರುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಊರಿನಲ್ಲಿ ಅರ್ಚಕರನ್ನು ವಿಚಾರಿಸಬಹುದು. ಪಟ್ಟಿಕೆಗಳ ಚಾಚಿದ ಭಾಗಗಳು ಕೈ ತಾಗಿ ಸವೆಯುತ್ತವೆ, ಮುಟ್ಟಬಾರದು. ಹೊಯ್ಸಳ ದೇವಾಲಯಗಳನ್ನು ಇನ್ನೂ ನೋಡಬಯಸುವವರಿಗೆ ತುರುವೇಕೆರೆಯ ಚೆನ್ನಕೇಶವ ಮತ್ತು ಮೂಲೆ ಶಂಕರೇಶ್ವರ, ಅದೇ ತಾಲ್ಲೂಕಿನ ನಾಗಲಾಪುರದ ಚೆನ್ನಕೇಶವ ಮತ್ತು ಕೇದಾರೇಶ್ವರ ದೇವಾಲಯಗಳಿವೆ.