ಓಡು ದೋಸೆ: ಹೆಸರೇ ದಾಖಲೆ

ಮಂಗಲ್ಪಾಡಿಯ ಬೆಳಗಿನ ತಿಂಡಿಯ ಚರಿತ್ರೆಯನ್ನು ಎಲ್ಲಿ ಹುಡುಕುವುದು ಅಂತ ಕೇಳಿದರೆ, ತಿಂಡಿಯ ಹೆಸರಿನಲ್ಲೇ ಅಂತ ನಾನು ಹೇಳ್ತೇನೆ. ಓಡು ದೋಸೆಯನ್ನೇ ನೋಡಿ. ಕೆಲವರಿಗೆ ಅದು ಕಪ್ಪರೊಟ್ಟಿ. ಓಡು, ಕಪ್ಪರ ಎರಡೂ ಮಡಕೆಯ ಚೂರಿಗಿರುವ ಮಾತು. ನೀರುದೋಸೆಗೆ ಹಿಟ್ಟಿನ ಹದದಿಂದ ಹೆಸರು ಬಂದಿದ್ದರೆ, ಇದಕ್ಕೆ ಪಾತ್ರೆಯಿಂದ. ಅಕ್ಕಿ, ತೆಂಗಿನಕಾಯಿ ರುಬ್ಬಿದ ಹಿಟ್ಟನ್ನು ಕಾದ ಮಣ್ಣಿನ ಕಾವಲಿಗೆ ಹೊಯ್ದು ಮುಚ್ಚಿದರೆ ಮೈತುಂಬ ತೂತು ಏಳುತ್ತದೆ, ಮಗುಚುವುದಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಭಾಷೆ ಬದಲಾಯಿತು, ಅಡುಗೆಮನೆಯ ಈ ಹೆಸರು ಉಳಿಯಿತು. ಆದರೆ ಈಗ ನಾನ್‌ಸ್ಟಿಕ್ ಕಾವಲಿಯಲ್ಲಿ ಹೊಯ್ದದ್ದಕ್ಕೂ ನಾವು ಓಡು ದೋಸೆ ಅಂತಲೇ ಹೇಳ್ತೇವೆ. ಓಡು ಹೋಗಿ ಹೆಸರು ಮಾತ್ರ ಉಳಿದರೆ ಅದರ ಅರ್ಥ ಮಕ್ಕಳಿಗೆ ತಿಳಿಯುವುದು ಹೇಗೆ? ಹಾಗಾಗಿ ಪಾಕವಿಧಾನದ ಜೊತೆಗೆ ಕುಂಬಾರರ ಕೆಲಸವನ್ನೂ ನಾವು ಬರೆದಿಡಬೇಕು.